ಅಯ್ಯನವರನ್ನು ಮದುವೆಗೆ ಕರೆತಂದ ಪ್ರಸಂಗ

ಮನುಷ್ಯನ ಬಾಳಿನಲ್ಲಿ ಭಾರಗಳು ಅನೇಕ. ಅವನ್ನೆಲ್ಲ ದೇವರ ಮೇಲೆ ಹಾಕಿ ನಿಶ್ಚಿಂತನಾಗಿ ನಡೆಯುವವನೇ ನಿಜವಾದ ವಿಶ್ವಾಸಿ. ಈ ಮಾತನ್ನು ನಾನು ಮಧುಗಿರಿಯ ನಮ್ಮ ಪುಟ್ಟ ಸಭೆಯಲ್ಲಿ, ಸಭೆಯ ಹಿರಿಯನೆಂಬ ಸ್ಥಾನಬಲದಿಂದ, ಹಲವಾರು ಸಲ ಹೇಳಿದ್ದೇನೆ. ಆದರೆ ದೇವರ ಮೇಲೆ ಭಾರ ಹಾಕುವ ಮೊದಲು ಗಾಡಿಗೆ ಪೆಟ್ರೋಲ್ ಹಾಕಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ಹೇಳಿದ್ದರು. ನನ್ನ ಹೆಂಡತಿ ಹೇಳಿದ್ದಳು.

ಮಿಡಿಗೇಶಿಯ ಸುವಾರ್ತಮ್ಮನ ಮಗಳು ನಿರ್ಮಲಳಿಗೆ ಪಾವಗಡದ ಕಡೆಯ ಗಂಡು ಗೊತ್ತಾಗಿತ್ತು. ಮದುವೆ ಪಾವಗಡದಲ್ಲೇ, ತಮ್ಮ ಪಾಸ್ಟರ ಕೈಯಲ್ಲೇ ಆಗಲಿ ಎಂದು ಗಂಡಿನ ಕಡೆಯವರ ಹಟ. ಸುವಾರ್ತಮ್ಮ ಬಗ್ಗಲಿಲ್ಲ. "ನನ್ ಮಗೀಗೆ ದೀಕ್ಷಾಸ್ನಾನ ಕೊಟ್ಟೋರು ನಮ್ಮ ಅಯ್ನೋರು. ಅವಳಪ್ಪ ಹೋದಾಗ ಮಣ್ಣು ಮಾಡ್ದೋರೂ ಅವ್ರೇ. ಮದ್ವೇನೂ ಅವ್ರೇ ಮಾಡ್ಲಿ" ಎಂದು ಎರಡು ತಿಂಗಳು ವಾದ ಮಾಡಿ ಗೆದ್ದಳು; ಮದುವೆ ಮಿಡಿಗೇಶಿಯಲ್ಲೇ ಎಂದಾಯಿತು. ಗಂಡಿನ ಚಿಕ್ಕಪ್ಪ ಒಂದೇ ಒಂದು ಷರತ್ತು ಹಾಕಿದರು: ಪಾವಗಡದಲ್ಲಿ ಊಟ ಕಾಯುತ್ತಿರುತ್ತದೆ, ಹನ್ನೆರಡಕ್ಕೆ ಮದುವೆ ಶುರುವಾಗಲೇಬೇಕು.

ಅಯ್ಯನವರೆಂದರೆ ನಮ್ಮ ಸಭಾಪಾಲಕರು. ಇರುವುದು ಮಧುಗಿರಿಯಲ್ಲಿ. ಅವರಿಗಾಗಿ ಕಾರು ಗೊತ್ತುಮಾಡುತ್ತೇನೆಂದು ಸುವಾರ್ತಮ್ಮ ಫೋನ್ ಮಾಡಿದಾಗ ನಾನು ಗಂಟಲು ಸರಿಮಾಡಿಕೊಂಡೆ.

"ಕಾರಿನ ಚಿಂತೆ ಯಾಕಮ್ಮ? ದೇವರ ಮೇಲೆ ಭಾರ ಹಾಕು. ಅಯ್ಯನವರನ್ನು ನನ್ನ ಸ್ಕೂಟರಿನಲ್ಲಿ ಕರೆತರುವ ಸೇವೆ ನನ್ನದು!"

ನನ್ನ ಸ್ಕೂಟರ್ ಕೈಯಲ್ಲಿ ಗೇರ್ ಬದಲಿಸುವ ಕಾಲದ್ದು. ಪ್ರತಿದಿನ ಹೊರಡುವ ಮೊದಲು ಅದನ್ನು ಒಂದು ಪಕ್ಕಕ್ಕೆ ಬಗ್ಗಿಸಬೇಕು. ಮನೆಯಲ್ಲಿ ನನಗೆ ತಲೆಬಾಗುವುದು ಅದೊಂದೇ.

ಮದುವೆಯ ಬೆಳಿಗ್ಗೆ ನನ್ನ ಹೆಂಡತಿ ಪ್ರಮೀಳಾ ಬಾಗಿಲಲ್ಲಿ ನಿಂತು ಕೇಳಿದಳು: "ರೀ, ಪೆಟ್ರೋಲ್ ಹಾಕ್ಸಿದ್ರಾ?"

"ದೇವರು ನಡೆಸುತ್ತಾನೆ" ಎಂದೆ ಗಂಭೀರವಾಗಿ.

"ನಡುಸ್ತಾನೆ, ನಡುಸ್ತಾನೆ. ಪೆಟ್ರೋಲ್ ಇಲ್ದಿದ್ರೆ ಮಿಡಿಗೇಶಿಗಂಟ ನಡುಸ್ತಾನೆ!"

ಸ್ತ್ರೀಯರಿಗೆ ವಿಶ್ವಾಸ ಕಡಿಮೆ ಎಂದು ಮನಸ್ಸಿನಲ್ಲೇ ಕ್ಷಮಿಸಿ ಹೊರಟೆ.

ಅಯ್ಯನವರು ಮೈಕೈ ತುಂಬಿಕೊಂಡ ಸಾತ್ವಿಕರು. ಅವರು ಹೆಗಲಿಗೆ ಬ್ಯಾಗ್ ಹಾಕಿಕೊಂಡು ಹಿಂದೆ ಕೂತಾಗ ಸ್ಕೂಟರಿನ ಮುಂದಿನ ಚಕ್ರಕ್ಕೆ ಸ್ವರ್ಗದ ಕಡೆ ಒಲವು ಮೂಡಿತು. ನಾನು ದಾರಿಯುದ್ದಕ್ಕೂ ಅವರಿಗೆ ಭರವಸೆಯ ವಿಷಯ ಬೋಧಿಸುತ್ತ ಹೋದೆ. ಪಾಪ, ಬೇರೆ ದಿನವೆಲ್ಲ ಅವರೇ ಬೋಧಿಸಬೇಕಲ್ಲ.

ಅರ್ಧ ದಾರಿಗೆ ಗಾಡಿ ನಿಂತಿತು. ರಿಸರ್ವ್‌ಗೆ ತಿರುಗಿಸಿ ಕಿಕ್ ಹೊಡೆದೆ. ಮತ್ತೂ ಹೊಡೆದೆ. ಅದು ಮಿಸುಕಲಿಲ್ಲ.

"ನಾನು ತಳ್ತೀನಿ, ಪ್ರಭುದಾಸಪ್ಪ. ನೀವು ಗೇರಿಗೆ ಹಾಕಿ" ಎಂದರು ಅಯ್ಯನವರು.

ತಳ್ಳಿದರು. ಗಾಡಿ ಕೆಮ್ಮಿತು, ಗುಡುಗಿತು, ಸ್ಟಾರ್ಟ್ ಆಯಿತು! ನಿಲ್ಲಿಸಿದರೆ ಮತ್ತೆ ಆರುತ್ತದೆಂದು ನಿಧಾನವಾಗಿ ಓಡಿಸುತ್ತಲೇ, "ಹತ್ತಿ ಅಯ್ಯನವರೇ!" ಎಂದು ಕೂಗಿದೆ. ಹಿಂದಿನ ಸೀಟಿನ ಮೇಲೆ ಧೊಪ್ಪೆಂದು ಭಾರ ಬಿತ್ತು.

"ಕೂತಿರಾ?"

"ಹೋ!" ಎಂದು ಕೇಳಿಸಿತು. ಹೆಲ್ಮೆಟ್ಟಿನೊಳಗೆ ಎಲ್ಲವೂ ಸಮ್ಮತಿಯಂತೆಯೇ ಕೇಳಿಸುತ್ತದೆ. ಗೇರ್ ಏರಿಸಿದೆ.

ಆಶ್ಚರ್ಯ! ಗಾಡಿ ಹಕ್ಕಿಯಂತೆ ಹಾರತೊಡಗಿತು. ಅಷ್ಟು ಹೊತ್ತು ಮುಲುಗುತ್ತಿದ್ದ ಎಂಜಿನ್ ಈಗ ಹಾಡುತ್ತಿತ್ತು. "ನೋಡಿದಿರಾ ಅಯ್ಯನವರೇ, ಭಾರವನ್ನು ದೇವರ ಮೇಲೆ ಹಾಕಿದರೆ ಎಲ್ಲ ಎಷ್ಟು ಹಗುರ!" ಎಂದೆ. ಅವರು ಮಾತಾಡಲಿಲ್ಲ. ನನ್ನ ಬೋಧನೆ ಮನಸ್ಸಿಗೆ ನಾಟಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಿಂದೆ ಅವರ ಫೋನ್ ಹೊಡೆದುಕೊಂಡಿತು. ಎತ್ತಲಿಲ್ಲ. ಗಾಡಿಯ ಮೇಲೆ ಫೋನ್ ಮುಟ್ಟದ ಶಿಸ್ತನ್ನು ನಮ್ಮ ಯುವಕರು ಅವರಿಂದ ಕಲಿಯಬೇಕು!

ಮಿಡಿಗೇಶಿಯ ಚಪ್ಪರದ ಮುಂದೆ ವಿಜಯೋತ್ಸಾಹದಿಂದ ಬ್ರೇಕ್ ಹಾಕಿದೆ. ಸುವಾರ್ತಮ್ಮ ಓಡಿಬಂದಳು.

"ಬಂದ್ಬುಟ್ರಾ ಅಣ್ಣ? ಅಯ್ನೋರೆಲ್ಲಿ?"

"ಹಿಂದೆ ಇದ್ದಾರಲ್ಲಮ್ಮ."

"ಹಿಂದೆ ಬ್ಯಾಗ್ ಐತೆ ಕಣಣ್ಣ!"

ತಿರುಗಿ ನೋಡಿದೆ. ಸೀಟಿಗೂ ಸ್ಟೆಪ್ನಿಗೂ ನಡುವೆ ಅಯ್ಯನವರ ಬ್ಯಾಗ್ ಭದ್ರವಾಗಿ ಕೂತಿತ್ತು. ಹತ್ತುವ ಮೊದಲು ಅವರು ಅದನ್ನು ಎಸೆದಿದ್ದರು. ನಾನು ಬ್ಯಾಗನ್ನೇ ಸಭಾಪಾಲಕರೆಂದು ತಿಳಿದು ಮಿಡಿಗೇಶಿಯವರೆಗೆ ಬೋಧಿಸಿದ್ದೆ!

ಗಂಡಿನ ಚಿಕ್ಕಪ್ಪ ನಿಧಾನವಾಗಿ ಬಂದರು. "ಏಮಿ ಪೆದ್ದಾಯನ, ಪಾಸ್ಟರ್‌ನ ದಾರೀಲಿ ಪಾರೇಸ್ಕೊಂಡು ಬಂದ್ರಾ?"

ಏನು ಹಿರಿಯರೇ, ಕಳೆದುಕೊಂಡು ಬಂದಿರಾ ಎಂದು ಅರ್ಥ. ತೆಲುಗು ಬಾರದವರೂ ನಕ್ಕರು.

"ಇನ್ನು ಅರ್ಧ ಗಂಟೆ ನೋಡ್ತೀವಿ. ಆಮೇಲೆ ಮಾ ಪಾಸ್ಟರ್ ಗಾರು ಇದಾರೆ, ಶುರು ಮಾಡ್ತಾರೆ" ಎಂದು ಗಡಿಯಾರ ತೋರಿಸಿದರು. ಸುವಾರ್ತಮ್ಮನ ಮುಖ ಸಣ್ಣದಾಯಿತು. ಮದುಮಗಳು ಒಳಗಿನಿಂದ ಇಣುಕಿ ನನ್ನನ್ನು ನೋಡಿದಳು. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಹುಡುಕಿ ತರುತ್ತೇನೆಂದು ಕಿಕ್ ಹೊಡೆದೆ. ರಿಸರ್ವೂ ಮುಗಿದಿತ್ತು. ಆಟೋ ಹುಡುಕಿದೆ. ಆಟೋದವರೆಲ್ಲ ಮದುವೆಗೆ ಬಂದಿದ್ದರು, ಆಟೋ ಮನೆಯಲ್ಲಿ ಬಿಟ್ಟು. ಚಪ್ಪರದ ಈ ಕಂಬದಿಂದ ಆ ಕಂಬಕ್ಕೆ ಬೆವರು ಸುರಿಸುತ್ತ ಓಡಾಡತೊಡಗಿದೆ. ಸುವಾರ್ತಮ್ಮ ಕಣ್ಣೊರೆಸಿಕೊಂಡು, ಬಂದವರಿಗೆ ಮಜ್ಜಿಗೆ ಹಂಚಲು ಶುರುಮಾಡಿದ್ದಳು. ನನಗೂ ಒಂದು ಲೋಟ ಕೊಟ್ಟಳು.

"ಕೂತ್ಕಳಿ ಅಣ್ಣ. ನಾನು ಪ್ರಾರ್ಥನೆ ಮಾಡಿವ್ನಿ, ಬತ್ತಾರೆ."

"ಹೇಗೆ ಬರುತ್ತಾರಮ್ಮ? ಬಸ್ಸೂ ಇಲ್ಲವಲ್ಲ ಈ ಹೊತ್ತಿಗೆ!"

"ಭಾರ ದೇವ್ರ ಮ್ಯಾಲೆ ಹಾಕು ಅಂದೋರು ನೀವೇ. ಹಾಕಿದ್ಮ್ಯಾಗೆ ನೀವ್ಯಾಕೆ ಅದನ್ನ ಹೊತ್ಕಂಡು ತಿರುಗ್ತಿದ್ದೀರಿ?"

ಸಭೆಯ ಹಿರಿಯ ಮಜ್ಜಿಗೆ ಕುಡಿದ.

ಅಷ್ಟರಲ್ಲಿ ಬ್ಯಾಗಿನೊಳಗಿನ ಫೋನ್ ಮತ್ತೆ ಹೊಡೆದುಕೊಂಡಿತು. ಕಿತ್ತುಕೊಂಡು ಎತ್ತಿದೆ.

"ಪ್ರಭುದಾಸಪ್ಪ?" ಅಯ್ಯನವರ ದನಿ! "ಯಾರದೋ ಫೋನಿಂದ ಮಾಡ್ತಿದ್ದೀನಿ. ನನ್ನ ನಂಬರ್ ಬಿಟ್ಟು ಇನ್ಯಾವುದೂ ನನಗೆ ಬಾಯಿಗೆ ಬರೋದಿಲ್ಲ."

"ಅಯ್ಯನವರೇ! ಎಲ್ಲಿದ್ದೀರಿ?"

"ಕುರಿಗಳ ಜೊತೆ."

ಸಭೆಯ ವಿಶ್ವಾಸಿಗಳನ್ನು ಅವರು ಪ್ರೀತಿಯಿಂದ ಕುರಿಗಳೆನ್ನುವುದುಂಟು. "ಬಹಳ ಸಂತೋಷ. ಯಾವ ಮನೆಯವರು?" ಎಂದೆ.

"ಬ್ಯಾ" ಎಂದಿತು ಫೋನು.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ಪಾವಗಡದ ಸಂತೆಗೆ ಹೊರಟಿದ್ದ ಟೆಂಪೋ ಚಪ್ಪರದ ಮುಂದೆ ನಿಂತಿತು. ಹಿಂದೆ ಒತ್ತೊತ್ತಾಗಿ ಕುರಿಗಳು. ಅವುಗಳ ನಡುವೆ, ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಸಭಾಪಾಲಕರು! ಇಡೀ ಚಪ್ಪರ ಎದ್ದು ಚಪ್ಪಾಳೆ ತಟ್ಟಿತು. ಗಂಡಿನ ಚಿಕ್ಕಪ್ಪನೇ ಮುಂದೆ ಹೋಗಿ ಕೈ ಹಿಡಿದು ಇಳಿಸಿಕೊಂಡರು.

ಅಯ್ಯನವರು ಬಟ್ಟೆಗೆ ಅಂಟಿದ ಹಿಕ್ಕೆ ಕೊಡವಿಕೊಂಡು ನನ್ನೆದುರು ನಿಂತರು.

"ಪ್ರಭುದಾಸಪ್ಪ, ಭಾರ ದೇವರ ಮೇಲೆ ಹಾಕಿ ಅಂತ ನಾನೂ ಹೇಳಿದ್ದೀನಿ. ರೋಡಿನ ಮೇಲೆ ಹಾಕಿ ಅಂತ ಯಾವತ್ತಾದರೂ ಹೇಳಿದ್ದೀನಾ?"

ಬ್ಯಾಗಿನಿಂದ ಬಿಳಿ ನಿಲುವಂಗಿ ತೆಗೆದು ತೊಟ್ಟು ಒಳಗೆ ನಡೆದರು. ಸುವಾರ್ತಮ್ಮ ಮಜ್ಜಿಗೆಯ ಲೋಟಗಳನ್ನು ಅಲ್ಲೇ ಬಿಟ್ಟು ಹಿಂದೆ ಓಡಿದಳು. ಮದುವೆ ಸಾಂಗವಾಗಿ ಮುಗಿಯಿತು. ಉಂಗುರ ಬದಲಿಸುವಾಗ ಮದುಮಗ ಮೂಗು ಮುಚ್ಚಿಕೊಂಡದ್ದು ಮಾತ್ರ ಫೋಟೋದಲ್ಲಿ ಬಿದ್ದಿದೆ.

ಮುಂದಿನ ವಾರ ಸಭೆಯ ಕಮಿಟಿ ಸೇರಿ ನನ್ನ ಸೇವೆಯನ್ನು ಬದಲಿಸಿತು. ಈಗ ನಾನು ಭಾನುವಾರ ಆರಾಧನೆಗೆ ಚಾಪೆ ಹಾಸುತ್ತೇನೆ, ಮುಗಿದ ಮೇಲೆ ಸುತ್ತಿಡುತ್ತೇನೆ. ಇದುವರೆಗೆ ಯಾವ ಚಾಪೆಯೂ ಕಳೆದಿಲ್ಲ.