ನಾಲ್ಕು ಕೈಗಳು ಮತ್ತು ಒಂದು ಕುರ್ಚಿ

ಮಂಗಳವಾರ ಬೆಳಿಗ್ಗೆ ಅಧ್ಯಕ್ಷ ತೀರಿಕೊಂಡ. ಹೃದಯ ನಿಂತಿತು ಎಂದರು ವೈದ್ಯರು. ಕಿಟಕಿಯ ಗಾಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಅವನ ಹೆಂಡತಿಗೆ ಮತ್ತೆ ಮತ್ತೆ ಹೇಳಿದರು.

ಅವನು ಯಾವ ಸಂಘದ ಅಧ್ಯಕ್ಷನೂ ಅಲ್ಲ. ಪೇಟೆಯ ಮೂಲೆಯಲ್ಲಿ ಒಂದು ಸೆಲೂನು ಇಟ್ಟುಕೊಂಡಿದ್ದ, ಅಷ್ಟೇ. ಗೆಳೆಯರು ಅವನಿಗೆ ಈ ಪಟ್ಟ ಕಟ್ಟಿದ್ದು ಅವನು ಮನೆಯಲ್ಲಿ ಪ್ರಜಾಪ್ರಭುತ್ವ ಸ್ಥಾಪಿಸಿದ ಮೇಲೆ. (ಸ್ಥಾಪಿಸಿದ್ದೂ ಅವನೇ, ಅನುಭವಿಸಿದ್ದೂ ಅವನೇ.)

ಅಂಗಡಿಯಲ್ಲಿ ದಿನವಿಡೀ ರಾಜಕೀಯ. ಗಿರಾಕಿಯ ಗಂಟಲ ಮೇಲೆ ಕತ್ತಿ ಆಡಿಸುತ್ತ ಅಧ್ಯಕ್ಷ ಏನು ಹೇಳಿದರೂ ಗಿರಾಕಿ ‘ಹೂಂ’ ಎನ್ನುತ್ತಿದ್ದ. ಇಲ್ಲವೆಂದು ತಲೆ ಅಲ್ಲಾಡಿಸಿದರೆ ಕುತ್ತಿಗೆಗೇ ಬರುತ್ತದಲ್ಲ! ಈ ಹೂಂಗಳನ್ನೆಲ್ಲ ಕೂಡಿಸಿಕೊಂಡು ಲೋಕವೇ ತನ್ನ ಪರವಾಗಿದೆ ಎಂದು ಅವನು ನಂಬಿದ್ದ. ಮನೆಗೆ ಬಂದರೆ ಮಾತ್ರ ಹೆಂಡತಿಯ ಮಾತೇ ಶಾಸನ. ಈ ಅನ್ಯಾಯಕ್ಕೆ ಮದ್ದು ಹೊಳೆದದ್ದು ಊಟಕ್ಕೆ ಕೂತಾಗ.

“ಇನ್ಮೇಲೆ ಈ ಮನೇಲಿ ಎಲ್ಲಾ ಓಟಿನ ಮೇಲೆ. ಅಮ್ಮ, ನಾನು, ನೀನು, ಇಬ್ಬರು ಮಕ್ಕಳು. ಒಟ್ಟು ಐದು. ಸಮಬಲ ಆಗೋ ಪ್ರಶ್ನೇನೇ ಇಲ್ಲ!”

“ಅಡುಗೆ ಮಾಡೋದು ಯಾರು ಅಂತಲೂ ಓಟ್ ಹಾಕ್ತೀರಾ?” ಎಂದಳು ಹೆಂಡತಿ.

“ಅದು ಆಗಲೇ ನಿರ್ಧಾರ ಆಗಿರೋ ವಿಷಯ,” ಎಂದ ಅಧ್ಯಕ್ಷ, ಗಂಭೀರವಾಗಿ.

ಮೊದಲ ಮಸೂದೆಯೇ ಕಿಟಕಿಯದು. ನಡುಮನೆಯಲ್ಲಿದ್ದುದು ಒಂದೇ ಕಿಟಕಿ. ಒಲೆಯ ಮುಂದೆ ಬೆಂದು ಬಂದ ಹೆಂಡತಿ ಅದನ್ನು ತೆರೆದು ಅಲ್ಲಿ ನಿಲ್ಲುತ್ತಿದ್ದಳು. ಅಷ್ಟರಲ್ಲೇ ಮಗಳ ಕಾಗದಗಳು ಹಾರುತ್ತಿದ್ದವು, ಅಮ್ಮನ ಮಂಡಿ ಹಿಡಿದುಕೊಳ್ಳುತ್ತಿತ್ತು, ಮಗನಿಗೆ ಬೀದಿಯ ಗದ್ದಲ, ಅಧ್ಯಕ್ಷನಿಗಂತೂ ಹುಟ್ಟಾ ಚಳಿ. ‘ಮುಚ್ಚಿರಲಿ ಎನ್ನುವವರು ಕೈ ಎತ್ತಿ’ ಎಂದು ಅಧ್ಯಕ್ಷ ಹೇಳಿದಾಗ ಅವನದೂ ಸೇರಿ ನಾಲ್ಕು ಕೈ ಎದ್ದವು.

“ನಾಲ್ಕು ಜನಕ್ಕೆ ಚಳಿಯಾದ್ರೆ ನನ್ನ ಸೆಖೆ ಹೋಗುತ್ತಾ?”

“ಬಹುಮತಕ್ಕೆ ತಲೆಬಾಗಬೇಕು ಕಣೇ!” (ಮೂವತ್ತು ವರ್ಷದಿಂದ ಊರಿನವರ ತಲೆ ಬಾಗಿಸುವುದೇ ಅವನ ಕಸುಬು. ಆ ಮಾತು ಅವನಿಗೆ ಸಲೀಸು.)

ಹೆಂಡತಿ ಬಾಗಲಿಲ್ಲ, ಸುಮ್ಮನಾದಳು. ಅವಳು ಸುಮ್ಮನಾದರೆ ಹೆದರಬೇಕು ಎಂಬುದನ್ನು ಅಧ್ಯಕ್ಷ ಗೆದ್ದ ಸಂಭ್ರಮದಲ್ಲಿ ಮರೆತ.

ಇನ್ನು ಕುರ್ಚಿಯ ವಿಷಯ. ಸೆಲೂನಿಗೆ ಹೊಸ ಕುರ್ಚಿ ತಂದಾಗ ಹಳೆಯದನ್ನು ಮಾರಲು ಅವನಿಗೆ ಮನಸ್ಸು ಬರಲಿಲ್ಲ. ಕಬ್ಬಿಣದ ಬುಡ, ಗುಂಡಗೆ ತಿರುಗುವ ಪೀಠ, ಮೇಲೇರಿಸಲು ಕಾಲಲ್ಲಿ ಒತ್ತುವ ಸನ್ನೆಗೋಲು, ಹಿಂದಕ್ಕೆ ಒರಗುವ ಬೆನ್ನು. ನಾಲ್ಕು ಆಳು ಹೊತ್ತು ತಂದು ನಡುಮನೆಯಲ್ಲಿ ಇಳಿಸಿದ್ದರು. ಸಂಜೆ ಅದರಲ್ಲಿ ಕೂತು ಅವನು ಒಂದು ಸುತ್ತು ತಿರುಗಿದರೆ ಇಡೀ ಸಂಸಾರ ಕಣ್ಣಮುಂದೆ ಹಾದುಹೋಗುತ್ತಿತ್ತು. ದಿನವೆಲ್ಲ ಬೇರೆಯವರನ್ನು ಕೂರಿಸಿ ತಾನು ನಿಂತೇ ಇರುವವನಿಗೆ ಕೂರಲು ಇದ್ದದ್ದು ಅದೊಂದೇ ಜಾಗ.

ಆರು ತಿಂಗಳು ಕಳೆದ ಮೇಲೆ ಒಂದು ದಿನ ಹೆಂಡತಿ ತಟ್ಟೆಗೆ ಬಡಿಸುತ್ತಾ ತಣ್ಣಗೆ ಹೇಳಿದಳು: “ನಂದೊಂದು ಮಸೂದೆ. ಆ ಕುರ್ಚಿ ಗುಜರಿಗೆ ಹೋಗ್ಲಿ.”

ಅಧ್ಯಕ್ಷ ನಕ್ಕ. ನಗು ಮುಗಿಯುವುದರೊಳಗೆ ನಾಲ್ಕು ಕೈ ಮೇಲಿದ್ದವು. ಮಗಳಿಗೆ ಓದುವ ಮೇಜಿಗೆ ಜಾಗ ಬೇಕು. ಮಗನ ಹೆಬ್ಬೆರಳು ಅದಕ್ಕೆ ಎಡವದ ದಿನವಿಲ್ಲ. ಮೂರನೆಯ ಕೈ ನೋಡಿ ಅವನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.

“ಅಮ್ಮಾ, ನೀನೂನಾ?”

“ನಾನು ಹೆತ್ತಿದ್ದು ನಿನ್ನನ್ನ ಕಣೋ, ಕುರ್ಚೀನಲ್ಲ. ಅದನ್ನ ಸುತ್ತಿ ಸುತ್ತಿ ನಂಗೆ ಸಾಕಾಗಿದೆ.”

“ಇದು ಪಿತೂರಿ! ಚರ್ಚೆ ಆಗ್ಬೇಕು!”

“ಬಹುಮತಕ್ಕೆ ತಲೆಬಾಗಬೇಕು ರೀ,” ಎಂದಳು ಹೆಂಡತಿ. “ಸಾರು ಹಾಕ್ಲಾ?”

ಮರುದಿನ ಅಂಗಡಿಯಲ್ಲಿ ಅಧ್ಯಕ್ಷನ ತತ್ವಶಾಸ್ತ್ರವೇ ತಿರುವುಮುರುವಾಯಿತು. ಬಹುಮತದ ದಬ್ಬಾಳಿಕೆಯ ಬಗ್ಗೆ ಅವನು ಗಿರಾಕಿಗಳಿಗೆ ನೊರೆ ಹಚ್ಚಿ ಹಚ್ಚಿ ಹೇಳಿದ. ಅವರು ಇದಕ್ಕೂ ಹೂಂ ಎಂದರು. ಸಂಜೆ ಮನೆಗೆ ಬಂದವನೇ ಕುರ್ಚಿಯನ್ನು ಅಪ್ಪಿ ನಿಂತು ಗುಡುಗಿದ:

“ಬಹುಮತ ಅಂದ್ರೆ ರೋಡ್ ರೋಲರ್ ಅಲ್ಲ! ಒಬ್ಬನೇ ಇದ್ರೂ ಅವನಿಗೆ ಹಕ್ಕಿದೆ. ನಾಲ್ಕು ಜನ ಸೇರಿ ಒಬ್ಬನ ಕುರ್ಚಿ ಕಿತ್ಕೊಳ್ಳೋದು ಪ್ರಜಾಪ್ರಭುತ್ವ ಅಲ್ಲ, ದರೋಡೆ!”

ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಹೋಗಿ ಆರು ತಿಂಗಳ ಧೂಳಿನ ಕಿಟಕಿಯನ್ನು ಎರಡೂ ಕೈಯಿಂದ ತಳ್ಳಿ ತೆರೆದಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಭಾಷಣ ಚೆನ್ನಾಗಿತ್ತು. ಸ್ವಲ್ಪ ತಡವಾಯ್ತು ಅಷ್ಟೇ.”

ಆ ರಾತ್ರಿ ಊಟದ ಹೊತ್ತಿಗೆ ಮನೆಯ ಹೊಸ ಸಂವಿಧಾನ ಸಿದ್ಧವಾಯಿತು, ಬರೆದದ್ದು ಹೆಂಡತಿ, ಅಂದರೆ ಬಾಯಲ್ಲೇ. ಓಟು ಇರಲಿ; ಆದರೆ ಪ್ರತಿಯೊಬ್ಬರಿಗೂ ಯಾರ ಕೈಯೂ ಮುಟ್ಟದ ಒಂದೊಂದು ಹಕ್ಕು. ಒಂದೇ ಒಂದು.

ಹೆಂಡತಿ ಕಿಟಕಿ ಕೇಳಿದಳು. ಮಗಳು ಬೀಗವಿರುವ ಒಂದು ಖಾನೆ ಕೇಳಿದಳು. ಅಮ್ಮ ಯೋಚಿಸಿ, “ನಾನು ಹೇಳಿದ್ದನ್ನೇ ಹೇಳ್ತಿದ್ರೂ ಯಾರೂ ‘ಗೊತ್ತು ಬಿಡಜ್ಜಿ’ ಅನ್ನಬಾರದು,” ಎಂದರು. ಮಗ ಅಪ್ಪನ ಮುಖ ನೋಡದೆ, “ನನ್ನ ತಲೆಗೂದಲು,” ಎಂದ. ಕತ್ತರಿಯಿಂದ ಅನ್ನ ತಿನ್ನುವ ಮನೆಯಲ್ಲಿ ಇಂಥ ದಂಗೆ! ಆದರೆ ಅಧ್ಯಕ್ಷ ತನ್ನ ಕುರ್ಚಿ ಉಳಿಸಿಕೊಳ್ಳಬೇಕಿತ್ತು, ನುಂಗಿಕೊಂಡ.

“ನನಗೆ ಕುರ್ಚಿ. ಆಮೇಲೆ, ಕಿಟಕಿ ತೆಗೆದಾಗ ಚಳಿ ಅಂತ ಗೊಣಗೋ ಹಕ್ಕು.”

“ಅದು ಎರಡಾಯ್ತು. ಕುರ್ಚೀನಾ, ಗೊಣಗಾಟಾನಾ? ಆರಿಸ್ಕೊಳ್ಳಿ.”

ಕುರ್ಚಿಯನ್ನೇ ಆರಿಸಿದ. ಮಗಳ ಮೇಜು ಬಂದ ಮೇಲೆ ಆ ಗಜಗಾತ್ರಕ್ಕೆ ಉಳಿದ ಜಾಗ ಒಂದೇ: ಕಿಟಕಿಯ ಪಕ್ಕ.

ಹೀಗೆ ವರ್ಷಗಟ್ಟಲೆ ಅಧ್ಯಕ್ಷ ತಲೆಗೆ ಮಫ್ಲರ್ ಸುತ್ತಿ, ಮೂಗು ಸೋರಿಸುತ್ತ, ತುಟಿ ಪಿಟಕ್ಕೆನ್ನದೆ ತನ್ನ ಸಿಂಹಾಸನದಲ್ಲಿ ಕೂತ. ಮಗನ ಕೂದಲು ಭುಜಕ್ಕಿಳಿಯಿತು. “ಏನ್ರೀ, ಮನೆ ಗಿರಾಕೀನೇ ಕೈ ಕೊಟ್ಟನಾ?” ಎಂದು ಗಿರಾಕಿಗಳು ಕೆಣಕಿದರೆ, “ಅವನ ತಲೆ, ಅವನ ಹಕ್ಕು,” ಎನ್ನುತ್ತಿದ್ದ, ಕತ್ತಿಯನ್ನು ಅಗತ್ಯಕ್ಕಿಂತ ಹೆಚ್ಚು ಮಸೆಯುತ್ತ.

ಈ ವರ್ಷ ಎದೆ ಸೋತಿತು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಗುಜರಿಗೆ ಹೋಗಬೇಕಿದ್ದ ಕುರ್ಚಿಯ ಬೆನ್ನನ್ನು ಅರ್ಧ ಒರಗಿಸಿ ಅದರಲ್ಲೇ ಅವನನ್ನು ಕೂರಿಸಿದರು. ಹೆಂಡತಿ ತಾನೇ ಕಿಟಕಿ ಮುಚ್ಚಿದಳು.

ಮಂಗಳವಾರ ಬೆಳಿಗ್ಗೆ ಅವಳು ಅಡುಗೆಮನೆಯಿಂದ ಬಂದು ಗೋಡೆಗೊರಗಿ, ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವನು ನೋಡಿದ. ಎಲ್ಲರನ್ನೂ ಕರೆಸಿದ.

“ಕಿಟಕಿ ಯಾಕೆ ಮುಚ್ಚಿದೆ?”

“ಓಟ್ ಹಾಕೋಣಪ್ಪ,” ಎಂದಳು ಮಗಳು. ಮುಚ್ಚಿರಲಿ ಎಂದು ಮತ್ತೆ ನಾಲ್ಕು ಕೈ ಎದ್ದವು. ಈ ಸಲ ಎಲ್ಲಕ್ಕಿಂತ ಮೇಲಿದ್ದುದು ಹೆಂಡತಿಯದು.

“ಇದು ಓಟಿಗೆ ಬರೋ ವಿಷಯ ಅಲ್ಲ. ಕಿಟಕಿ ಇವಳದು.”

“ನನ್ನದಾದ್ರೆ ಮುಚ್ಚೋ ಹಕ್ಕೂ ನನ್ನದೇ ಅಲ್ವೇನ್ರೀ?”

ಅಧ್ಯಕ್ಷ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. “ಸರಿ. ಹಾಗಾದ್ರೆ ಒಂದು ತಿದ್ದುಪಡಿ. ಕುರ್ಚಿ ನೀನೇ ಇಟ್ಕೋ. ಬದಲಿಗೆ ನನಗೆ ಗೊಣಗೋ ಹಕ್ಕು ಕೊಡು.”

ಅವಳು ನಗುತ್ತಲೇ ಕಣ್ಣೊರೆಸಿಕೊಂಡು ಕೈ ಎತ್ತಿದಳು. ಮಕ್ಕಳೂ ಅಮ್ಮನೂ ಎತ್ತಿದರು. ಅವನೂ ಎತ್ತಿದ. ಆ ಮನೆಯಲ್ಲಿ ಐದು ಕೈ ಒಟ್ಟಿಗೆ ಎದ್ದದ್ದು ಅದೇ ಮೊದಲು.

ಎತ್ತಿದ ಕೈಯನ್ನು ಅವನು ಇಳಿಸಲಿಲ್ಲ. ಹಾಗೇ ಚಾಚಿ, ಚಿಲಕ ತೆಗೆದು, ಕಿಟಕಿಯನ್ನು ತಳ್ಳಿದ. ಗಾಳಿ ಅವನ ಮಫ್ಲರನ್ನು ದಾಟಿ ಹೆಂಡತಿಯ ಬೆವೆತ ಮುಖಕ್ಕೆ ಬಂತು.

“ಥತ್!” ಎಂದ ಅಧ್ಯಕ್ಷ, ಬಾಯಿತುಂಬ. “ಮನುಷ್ಯರು ಇರೋ ಮನೇನಾ ಇದು? ಏನು ಚಳಿ, ಏನು ಚಳಿ! ಕೇಳೋರಿಲ್ಲ, ಹೇಳೋರಿಲ್ಲ…”