ಪರೀಕ್ಷಕರು ತಿಂದ ಉತ್ತರಪತ್ರಿಕೆ

ಇಂದ:
ಎರ್ಮೆಲಿಂದಾ ಲೆದೆಸ್ಮಾ, ವಯಸ್ಸು 61, ಎಂಪನಾದ (ಅಂಚು ಮಡಿಸಿ ಬೇಯಿಸಿದ ಕಡುಬು) ಮಾಡಿ ಮಾರುವವರು, ಲಾ ಟೂನಿತಾ, ಟುಕುಮಾನ್ ಪ್ರಾಂತ್ಯ.
(ಪರವಾಗಿ ಬರೆದವರು: ಪಕ್ಕದ ಮನೆಯ ನಿವೃತ್ತ ರೈಲ್ವೆ ಗುಮಾಸ್ತ ಎವಾರಿಸ್ತೊ)

ಗೆ:
ಮುಖ್ಯ ಪರೀಕ್ಷಾಧಿಕಾರಿಗಳು, ವಯಸ್ಕರ ಅಕ್ಷರ ಶಾಲೆ, ಲಾ ಟೂನಿತಾ.

ವಿಷಯ: ಅರ್ಜಿದಾರರ ಉತ್ತರಪತ್ರಿಕೆಯನ್ನು ಪರೀಕ್ಷಕರು ತಿಂದಿರುವ ಕಾರಣ ಮರುಪರೀಕ್ಷೆ ಕೋರಿ.

ಉಲ್ಲೇಖ: "ಉತ್ತರಪತ್ರಿಕೆ ಸಲ್ಲಿಸಿಲ್ಲ" ಎಂಬ ತಮ್ಮ ಹಿಂಬರಹ.

ಮಾನ್ಯರೇ,

1. ಅರ್ಜಿದಾರರ ಮಗಳು ನೇಲಿದಾ ದೂರದ ದಕ್ಷಿಣದಿಂದ ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರ ಬರೆಯುತ್ತಾಳೆ. ಅರ್ಜಿದಾರರಿಗೆ ಓದು ಬಾರದ ಕಾರಣ ಪತಿ ಬಾಲ್ಬಿನೊ ಓದಿ ಹೇಳುತ್ತಾರೆ. "ಚೆನ್ನಾಗಿದ್ದಾಳಂತೆ. ಚಳಿಯಂತೆ." ಅಷ್ಟೇ. "ನಾಲ್ಕು ಪುಟ ಬರೀ ಚಳಿಯೇನ್ರೀ?" ಎಂದರೆ, "ಅಲ್ಲಿ ಚಳಿ ಜಾಸ್ತಿ ಕಣೇ" ಎನ್ನುತ್ತಾರೆ. ಆದ್ದರಿಂದ ಮಿಕ್ಕ ಮೂರೂಮುಕ್ಕಾಲು ಪುಟಕ್ಕಾಗಿ ಅರ್ಜಿದಾರರು ಶಾಲೆ ಸೇರಿದರು.

2. ಸೇರಿದ ದಿನವೇ, ತಾವು ನೋಡಿ ಕಲಿಯುವವರೋ, ಕೇಳಿ ಕಲಿಯುವವರೋ, ಮಾಡಿ ಕಲಿಯುವವರೋ, ಓದಿ ಗುರುತು ಹಾಕಿ ಎಂದು ಒಂದು ಹಾಳೆ ಕೊಡಲಾಯಿತು. ಓದಲು ಬಾರದವರಿಗೆ ಓದಲು ಹಾಳೆ ಕೊಟ್ಟವರ ಬುದ್ಧಿಯ ಬಗ್ಗೆ ಈ ಗುಮಾಸ್ತನಿಗೆ ಹೇಳುವುದು ಬೇಕಾದಷ್ಟಿದೆ. ಅರ್ಜಿದಾರರು ಬೇಡವೆಂದ ಕಾರಣ ಬಿಟ್ಟಿದೆ. ಅವರು ಎಲ್ಲ ಚೌಕಕ್ಕೂ ಗುರುತು ಹಾಕಿದ್ದರಿಂದ ಮೂರು ಕೋಣೆಗೂ ಸರದಿಯಲ್ಲಿ ಕಳಿಸಲಾಯಿತು. ನೋಡುವ ಕೋಣೆಯಲ್ಲಿ ಕಣ್ಣು ಮಂಜಾಯಿತು. ಕೇಳುವ ಕೋಣೆಯಲ್ಲಿ ನಿದ್ದೆ ಬಂತು. ಮಾಡುವ ಕೋಣೆಯಲ್ಲಿ ಮರಳಿನ ಮೇಲೆ ಬರೆಸಿದರು, ಮರಳು ಜಾರಿತು.

3. ಆಗ ಉಪಾಧ್ಯಾಯಿನಿ ಮಿರ್ತಾ ಕೇಳಿದರು: "ದೋನ್ಯಾ ಎರ್ಮೆಲಿಂದಾ, ಎಂಪನಾದದ ಅಂಚಿಗೆ ಹದಿಮೂರು ಮಡಿಕೆ ತಪ್ಪದೆ ಹಾಕ್ತೀರಲ್ಲ, ಯಾರು ಕಲಿಸಿದ್ರು?"
"ಯಾರೂ ಇಲ್ಲಮ್ಮ. ಹಿಟ್ಟು ಕೈಗೆ ಸಿಕ್ರೆ ಅದೇ ಹೇಳುತ್ತೆ."
ಈ ಕಾರಣ, ಮರುದಿನದಿಂದ ಅರ್ಜಿದಾರರು ಹಿಟ್ಟನ್ನು ಹೊಸೆದು ಅಕ್ಷರ ಮಾಡಿ, ಮಾಂಸದ ಹೂರಣ ತುಂಬಿದ ಎಂಪನಾದಗಳ ಮೇಲೆ ಅಂಟಿಸಿದರು. ಐದು ವಾರದಲ್ಲಿ ಅಕ್ಷರಮಾಲೆ ಪೂರ್ತಿ ಬಂತು.

4. ಪರೀಕ್ಷೆಯಂದು ಒಂದು ವಾಕ್ಯ ಬರೆಯಲು ಹೇಳಲಾಗಿ, ಅರ್ಜಿದಾರರು ಎಂಪನಾದಕ್ಕೊಂದು ಅಕ್ಷರದಂತೆ ಹತ್ತು ಎಂಪನಾದ ಬೇಯಿಸಿ, ಸಾಲಾಗಿಟ್ಟು ಸಲ್ಲಿಸಿದರು. ವಾಕ್ಯ: "ನೇಲಿದಾ, ನನಗೆ ನಿಜ ಹೇಳು." ಪರೀಕ್ಷಕ ಕಾಂಪೆರೊ ಅವರು ಅದನ್ನು ಉಪಚಾರವೆಂದು ತಿಳಿದು ಉಳಿದ ಪರೀಕ್ಷಕರನ್ನೂ ಕರೆದರು. ಉತ್ತರಪತ್ರಿಕೆಗೆ ನಿಂಬೆಹಣ್ಣು ಹಿಂಡಲಾಯಿತು. "ಜೀರಿಗೆ ಒಂಚೂರು ಮುಂದಾಯ್ತು" ಎಂಬ ಅಭಿಪ್ರಾಯವೂ ಬಂತು. ಬಳಿಕ ಬಾಯಿ ಒರೆಸಿಕೊಂಡು, "ಎಲ್ಲಿ, ಪೇಪರ್ ಕೊಡಿ" ಎಂದರು.
"ತಿಂದ್ರಲ್ಲ ಸ್ವಾಮಿ."
ಅರ್ಜಿದಾರರು ಅಂದು ಮನೆಗೆ ಬಂದು ಅತ್ತರು. ಇದನ್ನು ಬರೆಯಬೇಡಿ ಎಂದಿದ್ದರು. ಬರೆದಿದೆ.

5. ಕೈಬರಹ ಓದಿಸುವ ಎರಡನೆಯ ತರಗತಿಗೆ ಪಾಸಾದವರಿಗಷ್ಟೇ ಪ್ರವೇಶ. ಗುರುವಾರ ಮತ್ತೊಂದು ಪತ್ರ ಬಂದಿದೆ. ಈ ಸಲ ಏಳು ಪುಟದಷ್ಟು ದಪ್ಪ. ನಾನೇ ಓದಿ ಹೇಳಲೇ ಎಂದು ಈ ಗುಮಾಸ್ತ ಕೇಳಿದ್ದಕ್ಕೆ, "ಬೇಡ ದೋನ್ ಎವಾರಿಸ್ತೊ, ಮಗಳ ಮಾತು ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ" ಎಂದರು.

ಆದ್ದರಿಂದ ಪರೀಕ್ಷಕರಿಗೆ ಮೊದಲು ಊಟ ಮಾಡಿಸಿ, ಅನಂತರ ಅರ್ಜಿದಾರರಿಗೆ ಮರುಪರೀಕ್ಷೆ ನಡೆಸಬೇಕೆಂದು ಪ್ರಾರ್ಥನೆ.

ತಮ್ಮ ಹಸಿವನ್ನು ಬಲ್ಲ ವಿಶ್ವಾಸಿ,
(ಹೆಬ್ಬೆಟ್ಟಿನ ಗುರುತು. ಹಿಟ್ಟು ಮೆತ್ತಿದೆ.)

ಲಗತ್ತುಗಳು:
1. ಉತ್ತರಪತ್ರಿಕೆಯ ನಕಲು, ಹತ್ತು ಎಂಪನಾದ. ಬಿಸಿಯಿದ್ದರೂ ಮೊದಲು ಓದುವುದು.
2. ನಿಂಬೆಹಣ್ಣು, ಎರಡು. ಓದಿದ ನಂತರಕ್ಕೆ.
3. ನೇಲಿದಾಳ ಪತ್ರ, ಒಡೆಯದ್ದು. ಮನೆಯಲ್ಲಿಟ್ಟರೆ ಬಾಲ್ಬಿನೊ ಓದುವ ಕಾರಣ ತಮ್ಮ ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕುವುದು. ಎರಡನೆಯ ತರಗತಿ ಮುಗಿದ ದಿನ ಅರ್ಜಿದಾರರ ಕೈಗೇ ಕೊಡುವುದು. ಅವರೇ ಓದಿಕೊಳ್ಳುತ್ತಾರೆ.