ಫ್ರಿಜ್ಜಿನೊಳಗಿನ ವಸಂತ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಪ್ಪು ತಿಳಿಯಬೇಡಿ: ನಮ್ಮ ಭಾವ ಲಿಪ್‌ಸ್ಟಿಕ್ ಹಚ್ಚಿಕೊಳ್ಳುವುದಿಲ್ಲ. ಆದರೆ ಈ ಸಲದ ಜಪಾನಿ ಲಿಪ್‌ಸ್ಟಿಕ್ಕಿನಲ್ಲಿ ಹೋದ ಸಲದ್ದಕ್ಕಿಂತ ಒಂದು ಕೂದಲೆಳೆಯಷ್ಟು ಕಂದು ಜಾಸ್ತಿ ಎಂಬುದನ್ನು ಇಡೀ ಡಲ್ಲಾಸ್‌ನಲ್ಲಿ ಮೊದಲು ಪತ್ತೆಹಚ್ಚುವವರು ಮಾತ್ರ ಅವರೇ. ಮೂಗಿನ ತುದಿಗೆ ಜಾರಿದ ದಪ್ಪ ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು, ವರ್ಷವಿಡೀ ಅದೇ ಬೂದು ಪ್ಯಾಂಟು. ಇಂಥ ಮನುಷ್ಯ ದೊಡ್ಡ ಅಂಗಡಿಯ ಮೇಕಪ್ ಕೌಂಟರಿನ ಮುಂದೆ ನಿಂತು, "ಇದರಲ್ಲಿ ಸ್ವಲ್ಪ ನೇರಳೆ ಇಣುಕ್ತಾ ಇದೆ ಅಲ್ವೇನೋ?" ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ? ನನಗೆ ಗೊತ್ತಿರುವುದು ಎರಡೇ ಬಣ್ಣ: ಬಿಳಿ ಅಂಗಿ, ಬಿಳಿಯಲ್ಲದ ಅಂಗಿ.

ಅಕ್ಕ, ಭಾವ ಇದ್ದದ್ದು ಡಲ್ಲಾಸ್ ಪಕ್ಕದ ಮೆಕಿನ್ನಿಯಲ್ಲಿ. ನಾನು ಆಸ್ಟಿನ್‌ನಲ್ಲಿ. ರಜೆ ಸಿಕ್ಕಾಗಲೆಲ್ಲ ಹೆಂಡತಿಯನ್ನು ಕೂರಿಸಿಕೊಂಡು ಹೊರಡುತ್ತಿದ್ದೆ. ಹೊರಟ ಮೇಲೆ ಒಲೆ ಆರಿಸಿದೆನೇ ಎಂಬ ಚಿಂತೆ, ಆರಿಸಿದ್ದು ಖಾತ್ರಿಯಾದರೆ ಟೈರಿನ ಚಿಂತೆ, ಟೈರು ಸರಿಯಿದ್ದರೆ ಮುಂದಿನ ಲಾರಿಯ ಚಿಂತೆ. ಭಾವನ ಮನೆ ತಲುಪಿದ ಮೇಲೆ ಭಾವನ ಚಿಂತೆ.

ಅವರ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೇ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸಿನಲ್ಲಿ ಸಂಬಳ ಕೊಡುತ್ತಿದ್ದರು. ಆ ತಪ್ಪಿಗೆ ಅವರ ಭಾಷೆಯಲ್ಲಿ 'ಬಗ್'. ಮನೆಯಲ್ಲೂ ಅದೇ ಭಾಷೆ. ಉಪ್ಪು ಕಡಿಮೆ ಎಂದು ನೇರವಾಗಿ ಹೇಳುವ ಜಾಯಮಾನವಲ್ಲ.

"ಸಾರಿನಲ್ಲಿ ಒಂದು ಸಣ್ಣ ಬಗ್ ಇದೆ ಕಣೇ."

"ನಾಳೆ ಫಿಕ್ಸ್ ಮಾಡ್ತೀನಿ. ಇವತ್ತು ಹಾಗೇ ಉಣ್ಣಿ," ಎನ್ನುತ್ತಿದ್ದಳು ಅಕ್ಕ.

ಈ ಹುಚ್ಚು ಹಿಡಿದದ್ದೂ ಕೆಲಸದಿಂದಲೇ. ಯಾವುದೋ ಅಂಗಡಿಯ ದಾಸ್ತಾನಿನ ಪ್ರೋಗ್ರಾಮು ಇವರ ಕೈಗೆ ಬಂತು. ಚಳಿಗೆ ಬೆರಳು ಮರಗಟ್ಟುವ ಜನವರಿಯಲ್ಲಿ ಅದು ಜಪಾನಿ ಮೇಕಪ್ಪಿನ ಸಾಲಿನ ಮುಂದೆ 'ವಸಂತ' ಎಂದು ತೋರಿಸುತ್ತಿತ್ತು. ಬಗ್! ಭಾವ ಖುಷಿಯಿಂದ ದೂರು ದಾಖಲಿಸಿದರು. ಅಂಗಡಿಯವರು, "ಸರಿಯಾಗೇ ಇದೆ, ವಸಂತದ ಬಣ್ಣ ಬಂದುಬಿಟ್ಟಿದೆ," ಎಂದರು. ನಂಬುವವರೇ ಇವರು? ಕಣ್ಣಾರೆ ನೋಡಿ ಬರುತ್ತೇನೆಂದು ಅಂಗಡಿಗೆ ಹೋದರು. ಹೋದವರು, ಒಂದು ಲೆಕ್ಕದಲ್ಲಿ, ಇನ್ನೂ ವಾಪಸ್ ಬಂದಿಲ್ಲ.

ಜಪಾನಿನವರು ಋತುವಿಗೊಂದು ಹೊಸ ಬಣ್ಣದ ಕಂತು ಬಿಡುತ್ತಾರೆ ಎಂಬುದು ಭಾವನಿಗೆ ಮಹಾದರ್ಶನವಾಯಿತು. ಜನವರಿಗೆ ಚೆರ್ರಿ ಹೂವಿನ ತಿಳಿಗೆಂಪು. ಬೇಸಿಗೆಗೆ ತುಟಿಯ ಮೇಲೆ ನೀರಿನ ಹಾಗೆ ಹೊಳೆಯುವ ಅಂಟು. ಆಗಸ್ಟಿಗೆ ಉದುರೆಲೆಯ ಕಂದು, ಇಟ್ಟಿಗೆ, ದ್ರಾಕ್ಷಿ. ವರ್ಷದ ಕೊನೆಗೆ ಎಲ್ಲವನ್ನೂ ಜೋಡಿಸಿಟ್ಟ ಹಬ್ಬದ ಪೆಟ್ಟಿಗೆ. ನಮ್ಮ ಟೆಕ್ಸಸ್ಸಿನಲ್ಲಿ ಇರುವುದೇ ಎರಡು ಋತು, ಬೇಸಿಗೆ ಮತ್ತು ಬೇಸಿಗೆಯ ಸಿದ್ಧತೆ. "ಅವರು ಸರಿಯಾಗಿ ರಿಲೀಸ್ ಮಾಡ್ತಾರೆ ಕಣೋ. ನಮ್ಮ ಆಫೀಸಿನೋರ ಥರ ಅಲ್ಲ. ವಸಂತ ಅಂದ್ರೆ ವಸಂತ!" ಎಂದು ಭಾವ ಭಾವುಕರಾಗುತ್ತಿದ್ದರು.

ತಂದ ಋತುಗಳೆಲ್ಲ ಫ್ರಿಜ್ಜಿಗೆ. ಹೊರಗಿಟ್ಟರೆ ಈ ಸೆಕೆಗೆ ಕರಗುತ್ತವಲ್ಲ! ಬಾಗಿಲಿನ ಮೇಲಿನ ಗೂಡಿನಲ್ಲಿ ವಸಂತ, ಪಕ್ಕದಲ್ಲಿ ಪುಳಿಯೋಗರೆ ಗೊಜ್ಜು. ಕೆಳಗಿನದರಲ್ಲಿ ಶರದೃತು, ನಿಂಬೆಹಣ್ಣು. ಒಂದು ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದ ನಾನು ಪುಟ್ಟ ಗಾಜಿನ ಡಬ್ಬಿಯೊಂದನ್ನು ಜಾಮ್ ಎಂದುಕೊಂಡು ಬ್ರೆಡ್ಡಿಗೆ ಸವರಿ ಕಚ್ಚಿಬಿಟ್ಟೆ. ರುಚಿ ಹೇಗಿತ್ತು ಎನ್ನುತ್ತೀರಾ? ಊದಿನಕಡ್ಡಿ ನೆಕ್ಕಿದ ಹಾಗೆ. ಹೆಂಡತಿಯನ್ನು ಎಬ್ಬಿಸಿ, ಇನ್ಶೂರೆನ್ಸ್ ಕಾಗದ ಎಲ್ಲಿಟ್ಟಿದ್ದೇನೆ ಎಂದು ವಿವರಿಸತೊಡಗಿದ್ದೆ. ಭಾವ ಓಡಿ ಬಂದು ಡಬ್ಬಿ ಕಿತ್ತುಕೊಂಡು ಬೆಳಕಿಗೆ ಹಿಡಿದರು.

"ಅಯ್ಯೋ ಪುಣ್ಯಾತ್ಮ! ಅರ್ಧ ವಸಂತ ತಿಂದ್ಬಿಟ್ಯಲ್ಲೋ!"

ಇಷ್ಟೆಲ್ಲ ಯಾರಿಗೆ? ಅಕ್ಕನಿಗೆ. ಅಕ್ಕ ಹಚ್ಚಿಕೊಳ್ಳುತ್ತಿದ್ದಳೇ? ಒಂದು ದಿನವೂ ಇಲ್ಲ! ಹಣೆಗೆ ಕುಂಕುಮ, ಮುಖಕ್ಕೆ ಕಡಲೆಹಿಟ್ಟು, ಮುಗಿಯಿತು. ಪ್ರತಿ ಋತುವಿನಲ್ಲೂ ಭಾವ ಹೊಸ ಡಬ್ಬಿಯನ್ನು ಅವಳ ಕಾಫಿ ಲೋಟದ ಪಕ್ಕ ಇಡುವರು. ಅವಳು ಕಾಫಿ ಕುಡಿದು, ಲೋಟವನ್ನು ಸಿಂಕಿಗೂ ಡಬ್ಬಿಯನ್ನು ಫ್ರಿಜ್ಜಿಗೂ ಹಾಕುವಳು. ಭಾವ ಆಸೆಗಣ್ಣಿನಿಂದ ನೋಡುತ್ತಿದ್ದರೆ ಬಾಣ ಬಿಡುವಳು:

"ನನ್ನನ್ನ ತೊಳೆದು ನೋಡಿ ತಗೊಂಡೋರು ಇವ್ರು. ಈಗ ಬಣ್ಣ ಬಳಿಯೋಕೆ ಬರ್ತಾರೆ!"

ನಾವೆಲ್ಲ ಗೊಳ್ಳೆಂದು ನಗುತ್ತಿದ್ದೆವು. ಭಾವನೂ ನಗುತ್ತಿದ್ದರು. ನಿಮಗೆ ಈ ಮಾತಿನ ಹಿನ್ನೆಲೆ ಹೇಳದಿದ್ದರೆ ಆಗದು.

ಅಕ್ಕ ಕಪ್ಪು. ನಮ್ಮ ಮನೆಯಲ್ಲಿ ಈ ಪದವನ್ನು ಯಾರೂ ಆಡುತ್ತಿರಲಿಲ್ಲ. 'ಬಣ್ಣ ಸ್ವಲ್ಪ ಕಡಿಮೆ' ಎನ್ನುತ್ತಿದ್ದರು, ಬಣ್ಣವೇನೋ ಅಂಗಡಿಯಲ್ಲಿ ಖಾಲಿಯಾಗಿದ್ದ ಹಾಗೆ. ಮೈಸೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋಗಿ, ತಿಳಿಸದೇ ಇರುವುದು ರೂಢಿಯಾಗಿತ್ತು. ಭಾವ ಬರುವ ದಿನ ನಮ್ಮ ಸೋದರತ್ತೆ ಪಣ ತೊಟ್ಟು ಅಕ್ಕನ ಮುಖಕ್ಕೆ ಪೌಡರ್ ಬಳಿದರು. ಒಂದು ಪದರ, ಅದರ ಮೇಲೆ ಇನ್ನೊಂದು. ಅಕ್ಕ ಥೇಟ್ ಬೂದುಗುಂಬಳಕಾಯಿ! ಕಾಫಿ ಟ್ರೇ ಹಿಡಿದು ನಿಂತಾಗ ಬೆವರಿಗೆ ಆ ಬೂದಿಯಲ್ಲಿ ಗೆರೆ ಮೂಡುತ್ತಿದ್ದವು. ಭಾವ ಒಂದು ನಿಮಿಷ ನೋಡಿದರು. ಕನ್ನಡಕ ಸರಿಮಾಡಿಕೊಂಡರು. ಆಮೇಲೆ ನಮ್ಮಪ್ಪನಿಗೆ, "ಅವರಿಗೆ ಸ್ವಲ್ಪ ಮುಖ ತೊಳ್ಕೊಂಡು ಬರೋಕೆ ಹೇಳ್ತೀರಾ?" ಎಂದರು.

ಅಪ್ಪನ ಕೈಯಲ್ಲಿದ್ದ ಕಾಫಿ ಪಂಚೆಗೆ ಚೆಲ್ಲಿತು. ಅತ್ತೆ 'ಎಂಥಾ ಕಿಲಾಡಿ' ಎಂದು ಪಿಸುಗುಟ್ಟಿದರು. ಅಕ್ಕ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಳು. ಭಾವ ನೋಡಿ, "ನನಗೆ ಒಪ್ಪಿಗೆ," ಎಂದರು. ಮದುವೆಯೂ ಆಯಿತು. ತೊಳೆದು ಪರೀಕ್ಷೆ ಮಾಡಿ ತೆಗೆದುಕೊಂಡ ಮಹರಾಯ ಎಂಬ ಹೆಸರೂ ನಿಂತಿತು.

ಸರಿ, ಕೌಂಟರಿಗೆ ಬರೋಣ. ಹೊಸ ಋತು ಬಂದಾಗ ನಾನು ಡಲ್ಲಾಸ್‌ನಲ್ಲಿದ್ದರೆ ನನ್ನನ್ನೂ ಎಳೆದೊಯ್ಯುವರು. ಇಬ್ಬರು ನರೆತ ಕೂದಲಿನ ಗಂಡಸರು ಲಿಪ್‌ಸ್ಟಿಕ್ಕುಗಳ ನಡುವೆ! ಕನ್ನಡ ಸಂಘದವರು ಯಾರಾದರೂ ಕಂಡರೆ ಎಂದು ನಾನು ಸೆಂಟು ಬಾಟಲಿಗಳ ಹಿಂದೆ ಅಡಗುತ್ತಿದ್ದೆ. ಅಲ್ಲಿನ ಹೆಂಗಸು ಟೆಕ್ಸಸ್ಸಿನವಳೇ, ಎಲ್ಲರನ್ನೂ 'ಹನಿ' ಎನ್ನುವವಳು. ಭಾವ ಮೊದಲು ಅವಳ ಹತ್ತಿರ ಬಾಗಿ ತಗ್ಗಿದ ದನಿಯಲ್ಲಿ ಏನೋ ಕೇಳುವರು. ಅವಳು ಸಂಕಟದಿಂದ ತಲೆಯಾಡಿಸಿ, "ನಾಟ್ ದಿಸ್ ಟೈಮ್, ಹನಿ," ಎನ್ನುವಳು. ಭಾವ ಒಂದು ನಿಟ್ಟುಸಿರು ಬಿಟ್ಟು ತುಟಿಯದ್ದು, ಕಣ್ಣಿನದ್ದು ಆರಿಸುವರು.

"ಏನ್ ಕೇಳ್ತೀರಿ ಭಾವ ಅವಳ ಹತ್ರ?" ಒಮ್ಮೆ ಬಾಟಲಿಗಳ ಹಿಂದಿನಿಂದಲೇ ಕೇಳಿದೆ.

"ಒಂದು ಹಳೇ ಬಗ್ ಕಣೋ. ಪ್ರತಿ ರಿಲೀಸಲ್ಲೂ ನೋಡ್ತೀನಿ. ಇನ್ನೂ ಫಿಕ್ಸ್ ಮಾಡಿಲ್ಲ."

ಕೊಂಡವರಿಗೆ ಬಿಟ್ಟಿಯಾಗಿ ಒಂದು ಪುಟ್ಟ ಚೀಲವನ್ನೂ ಕೊಡುತ್ತಿದ್ದರು. ಭಾವ ಅದನ್ನು ಅಲ್ಲೇ ಬಿಚ್ಚಿ, ಮುಖ ಬೆಳ್ಳಗಾಗಿಸುವ ಕ್ರೀಮಿನ ಟ್ಯೂಬು ಸಿಕ್ಕರೆ ತೆಗೆದು ಅವಳಿಗೇ ವಾಪಸ್ ಕೊಡುವರು. ನೀವೇ ಹೇಳಿ, ಬಿಟ್ಟಿ ಸಿಕ್ಕಿದ್ದನ್ನು ಹಿಂದಿರುಗಿಸುವ ಮೈಸೂರಿನವನನ್ನು ಎಲ್ಲಾದರೂ ಕಂಡಿದ್ದೀರಾ? ನನಗಂತೂ ಅವರ ಆರೋಗ್ಯದ ಬಗ್ಗೆಯೇ ಅನುಮಾನ ಬಂತು.

ಒಮ್ಮೆ ಆಗಸ್ಟಿನಲ್ಲಿ ಡಲ್ಲಾಸ್‌ಗೆ ಬಂದ ದ್ರಾಕ್ಷಿ ಬಣ್ಣದ ಲಿಪ್‌ಸ್ಟಿಕ್ ಖಾಲಿಯಾಯಿತು. ಹ್ಯೂಸ್ಟನ್‌ನಲ್ಲಿ ಇದೆಯಂತೆ. ಆ ಊರಿನ ಪಕ್ಕದ ಪೇರ್‌ಲ್ಯಾಂಡಿನಲ್ಲಿ ದೇವಿಯ ಗುಡಿಯೂ ಇದೆ. "ಪೇರ್‌ಲ್ಯಾಂಡ್ ದೇವಸ್ಥಾನಕ್ಕೆ ಹೋಗಿ ಬಹಳ ದಿನ ಆಯ್ತಲ್ಲ," ಎಂದರು ಭಾವ ಇದ್ದಕ್ಕಿದ್ದ ಹಾಗೆ ಭಕ್ತಿ ಉಕ್ಕಿ. ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಡದೆ, "ದೇವಿ ಯಾವ ಅಂಗಡೀಲಿ ಕೂತಿದಾಳಂತೆ?" ಎಂದಳು.

ನಾವಿಬ್ಬರೇ ಹೋದೆವು. ಅಂಗಡಿಯ ದರ್ಶನ ಮೊದಲು, ದೇವಿಯದು ಆಮೇಲೆ. ಗರ್ಭಗುಡಿಯಲ್ಲಿ ಕಪ್ಪು ಕಲ್ಲಿನ ಅಮ್ಮ ದೀಪದ ಬೆಳಕಿಗೆ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿದ್ದಳು. ನಾನು ಕಣ್ಣು ಮುಚ್ಚಿ ಹೈವೇಯಲ್ಲಿ ಕಾಪಾಡು ಎಂದು ಬೇಡುತ್ತಿದ್ದರೆ ಭಾವ ಕಿವಿಯ ಬಳಿ ಪಿಸುಗುಟ್ಟಿದರು: "ಎಂಥ ಬಣ್ಣ ನೋಡೋ! ಇದಕ್ಕೂ ಅವರ ಹತ್ರ ಏನೂ ಇಲ್ಲ." ದೇವರ ಸನ್ನಿಧಿಯಲ್ಲೂ ಮೇಕಪ್ಪಿನ ಮಾತೇ! ನಾನು ಕೆನ್ನೆ ಬಡಿದುಕೊಂಡೆ, ಅವರ ಪರವಾಗಿಯೂ ಸೇರಿಸಿ.

ವಾಪಸ್ ಬರುವಾಗ ಐಸ್ ತುಂಬಿದ ಪೆಟ್ಟಿಗೆಗೆ ಮುಂದಿನ ಸೀಟು, ಅದಕ್ಕೆ ಸೀಟ್‌ಬೆಲ್ಟು, ಏಸಿಯ ಗಾಳಿಯೆಲ್ಲ ಅದರ ಕಡೆಗೆ. ಹಿಂದೆ ಕೂತ ನಾನೂ ಪ್ರಸಾದದ ಪೊಟ್ಟಣವೂ ಮೆಕಿನ್ನಿಯವರೆಗೆ ಒಟ್ಟಿಗೆ ಬೆಂದೆವು.

ಮಾರನೆಯ ದಿನ ಮಟಮಟ ಮಧ್ಯಾಹ್ನ ಬೀದಿಯ ಕೊನೆಯಲ್ಲಿ ಢಮ್ ಎಂದಿತು. ಕರೆಂಟು ಹೋಯಿತು! ಅಮೆರಿಕದಲ್ಲೂ ಕರೆಂಟು ಹೋಗುತ್ತದೆಂದು ಹೇಳುತ್ತ ಬಂದಿದ್ದ ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ಭಾವ ಎರಡೂ ಕೈ ಚಾಚಿ ಫ್ರಿಜ್ಜಿಗೆ ಅಡ್ಡ ನಿಂತರು.

"ಯಾರೂ ಬಾಗಿಲು ತೆಗೀಬೇಡಿ!"

"ಅಪ್ಪಾ, ಇಟ್ಸ್ ಜಸ್ಟ್ ಮೇಕಪ್!" ಎಂದಳು ಕಾಲೇಜಿನಿಂದ ರಜೆಗೆ ಬಂದಿದ್ದ ಅಕ್ಕನ ಮಗಳು.

"ಮೇಕಪ್ ಅಲ್ಲಮ್ಮಾ, ಆರು ವರ್ಷದ ರಿಲೀಸು!"

ಐಸ್ ತರಲು ನಾನೂ ಭಾವನೂ ಓಡಿದೆವು. ಊರಿಗೆ ಊರೇ ನಮಗಿಂತ ಮೊದಲು ಓಡಿತ್ತು. ಬರಿಗೈಲಿ ಮರಳಿದಾಗ ಅಕ್ಕ ಫ್ರಿಜ್ಜನ್ನು ಪೂರ್ತಿ ಬರಿದು ಮಾಡಿದ್ದಳು. ಹಿಟ್ಟು ಹುಳಿಯಾದೀತೆಂದು ಗ್ಯಾಸಿನ ಮೇಲೆ ಇಡ್ಲಿ ಬೇಯುತ್ತಿತ್ತು. ಊಟದ ಮೇಜಿನ ಮೇಲೆ ಎಲ್ಲ ಋತುಗಳೂ ಸಾಲಾಗಿ ಕೂತಿದ್ದವು. ಅಷ್ಟನ್ನೂ ಒಟ್ಟಿಗೆ ಅಕ್ಕ ನೋಡಿದ್ದು ಅದೇ ಮೊದಲು. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ ಒಂದೊಂದನ್ನೇ ಎತ್ತಿ ನೋಡುತ್ತಿದ್ದಳು.

"ಇದೇನ್ರೀ? ತುಟಿಗಿದೆ, ಕಣ್ಣಿಗಿದೆ, ಕೆನ್ನೆಗಿದೆ. ಮುಖಕ್ಕೆ ಪೌಡರೇ ಇಲ್ವಲ್ಲ! ಜಪಾನಿನೋರು ಪೌಡರ್ ಮಾಡಲ್ವಾ?"

"ಮಾಡ್ತಾರೆ," ಎಂದರು ಭಾವ. "ನಿನ್ನ ಬಣ್ಣದ್ದು ಮಾಡಲ್ಲ. ಪ್ರತಿ ಸಲ ಮೊದಲು ಅದನ್ನೇ ಕೇಳ್ತೀನಿ. ಡಿಕಾಕ್ಷನ್‌ಗೆ ಒಂದೇ ಒಂದು ಚಮಚ ಹಾಲು ಹಾಕಿದ ಬಣ್ಣ ಬಂತಾ ಅಂತ. ಬರೇ ನಮ್ಮನೆ ಗೋಡೆ ಬಣ್ಣ ತೋರಿಸ್ತಾರೆ."

ಅಕ್ಕ ನಗುತ್ತಲೇ ತನ್ನ ಮಾಮೂಲಿ ಬಾಣ ತೆಗೆದಳು. "ನನ್ನ ಬಣ್ಣಕ್ಕೆ ಯಾವ್ದೂ ಸಿಗಲ್ಲ ಅಂತ ಅವತ್ತೇ ಗೊತ್ತಿತ್ತಲ್ಲ ನಿಮಗೆ. ತೊಳೆದು ನೋಡಿದ್ರಲ್ಲ, ಎಷ್ಟು ಕಪ್ಪು ಅಂತ..." ಬಾಣ ಅರ್ಧದಾರಿಯಲ್ಲಿ ನಿಂತುಹೋಯಿತು. ನಾವು ನಗಲು ಬಾಯಿ ತೆರೆದಿದ್ದವರು ಹಾಗೇ ಮುಚ್ಚಿದೆವು.

ಭಾವ ನಿಜವಾಗಿಯೂ ಕಕ್ಕಾಬಿಕ್ಕಿಯಾದರು. "ನಿನ್ನ ಬಣ್ಣ ನೋಡೋಕಲ್ವೇ ತೊಳೆಯೋಕೆ ಹೇಳಿದ್ದು."

"ಮತ್ತೆ?"

"ಆ ಪೌಡರಲ್ಲಿ ನಿನ್ನ ಮುಖಾನೇ ಕಾಣಿಸ್ತಿರ್ಲಿಲ್ಲ. ಗೆರೆ ಬಿದ್ದ ಕಡೆ ಇಷ್ಟಿಷ್ಟೇ ಕಾಣ್ತಿತ್ತು. ಅಷ್ಟು ಚೆನ್ನಾಗಿತ್ತು. ಪೂರ್ತಿ ನೋಡೋಣ ಅನ್ನಿಸ್ತು." ಆಮೇಲೆ ತಮ್ಮ ಭಾಷೆಯಲ್ಲೇ ಸ್ಪಷ್ಟಪಡಿಸಿದರು: "ಬಗ್ ಇದ್ದದ್ದು ಪೌಡರಲ್ಲಿ ಕಣೇ. ನಿನ್ನಲ್ಲಲ್ಲ."

"ಇಷ್ಟು ವರ್ಷ ಯಾಕ್ ಹೇಳ್ಲಿಲ್ಲ?"

"ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ. ತಮಾಷೆಗೆ ಹೇಳ್ತೀಯ ಅಂತ ನಾನೂ ನಗ್ತಿದ್ದೆ."

ಇಡ್ಲಿ ಪಾತ್ರೆ ಬುಸುಗುಟ್ಟುತ್ತಿತ್ತು. ಅಕ್ಕ ಹೋಗಿ ಒಲೆ ಆರಿಸಿದಳು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಮಗೆ ಬೆನ್ನು ಮಾಡಿ ನಿಂತಿದ್ದಳು. ಆಮೇಲೆ ಮೇಜಿಗೆ ಬಂದು ಹ್ಯೂಸ್ಟನ್ನಿನಿಂದ ತಂದ ದ್ರಾಕ್ಷಿ ಬಣ್ಣವನ್ನು ಎತ್ತಿಕೊಂಡಳು. ಅದು ಆಗಲೇ ತಲೆ ವಾಲಿಸಿತ್ತು.

"ಕರಗಿ ಹೋಗ್ತಿದೆ. ದಂಡ ಆಗೋದ್ಯಾಕೆ?" ಎಂದಳು, ಯಾರಿಗೂ ಅಲ್ಲ ಎಂಬಂತೆ. ಇಡ್ಲಿ ಪಾತ್ರೆಯ ಸ್ಟೀಲ್ ಮುಚ್ಚಳವನ್ನು ಸೆರಗಿನಿಂದ ಒರೆಸಿ, ಕನ್ನಡಿಯ ಹಾಗೆ ಹಿಡಿದು, ಮೊಟ್ಟಮೊದಲ ಸಲ ಹಚ್ಚಿಕೊಂಡಳು. ಬಲಗಡೆ ಗೆರೆ ದಾಟಿತು. "ಅಮ್ಮಾ, ವೇಟ್," ಎಂದು ಮಗಳು ಬೆರಳ ತುದಿಯಿಂದ ಸರಿಮಾಡಿದಳು.

ಅಕ್ಕ ಭಾವನ ಕಡೆ ತಿರುಗಿದಳು. "ಏನ್ರೀ? ಎಲ್ಲಾದ್ರೂ ಬಗ್ ಕಾಣ್ತಾ?"

ಭಾವ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ತಾಳು," ಎಂದರು. "ಕನ್ನಡಕದಲ್ಲೇ ಏನೋ ಇದೆ."

ಅಷ್ಟರಲ್ಲಿ ಕರೆಂಟು ಬಂತು. ಫ್ರಿಜ್ಜು ಗುರ್ ಎಂದು ಎಚ್ಚರವಾಯಿತು. ಆರು ವರ್ಷದ ವಸಂತ, ಆರು ವರ್ಷದ ಶರದೃತು, ಎಲ್ಲವೂ ಮೇಜಿನ ಮೇಲೆ ಕರಗುತ್ತಿದ್ದವು. ಯಾರಾದರೂ ಎದ್ದು ಒಳಗಿಡಬೇಕಿತ್ತು. ಭಾವ ಏಳಲಿಲ್ಲ. ಎಲ್ಲದಕ್ಕೂ ಗಾಬರಿಯಾಗಿ ಮೊದಲು ಏಳುವ ನಾನೂ ಏಳಲಿಲ್ಲ.